ಹನ್ನೊಂದು ವರ್ಷದ ಕಾರು ಶಿರಾಡಿಯಲ್ಲಿ ಕೈಕೊಟ್ಟಿತು. ಕಂಪನಿಯನ್ನು ನಂಬೋದಾ, ಮೆಕ್ಯಾನಿಕ್‌ನ ನಂಬೋದಾ?

ಗುಂಡ್ಯ ದಾಟಿದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವರ್ಷ ದೀಪಾವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಸೆಡಾನ್ ತಗೊಂಡೆ. 2014ರ ಗಾಡಿ, ಪೆಟ್ರೋಲ್, ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. ಮೀಟರ್‌ನಲ್ಲಿ 62 ಸಾವಿರ ಕಿಲೋಮೀಟರ್ ಇತ್ತು. ಡೀಲರ್ "ಡಾಕ್ಟರ್ ಗಾಡಿ ಸರ್, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ ಓಡಿರೋದು" ಅಂದ. ನಾಲ್ಕೂಕಾಲು ಲಕ್ಷ ಎಣಿಸಿ ಕೊಟ್ಟೆ. ಕಂಪನಿ ಹೆಸರು, ಡೀಲರ್ ಹೆಸರು ಎರಡೂ ಇಲ್ಲಿ ಬರೆಯುವುದಿಲ್ಲ. ಅದು ಬೇರೆ ಕಡೆ ಇತ್ಯರ್ಥ ಆಗಬೇಕಾದ ಜಗಳ.

ಮೊನ್ನೆ ಮಂಗಳೂರಿನಿಂದ ವಾಪಸ್ ಬರ್ತಾ ಇದ್ದೆವು. ಗುಂಡ್ಯ ದಾಟಿ ಘಟ್ಟ ಹತ್ತುವಾಗ ಮುಂದೆ ಲಾರಿಗಳ ಸಾಲು. ಹತ್ತು ಅಡಿ ಹೋಗೋದು, ನಿಲ್ಲೋದು, ಮತ್ತೆ ಹತ್ತು ಅಡಿ. ಮುಕ್ಕಾಲು ಗಂಟೆ ಹೀಗೇ ಆಯಿತು. ಡ್ಯಾಶ್‌ಬೋರ್ಡ್‌ನಲ್ಲಿ ಸ್ಪ್ಯಾನರ್ ಚಿತ್ರ ಮಿನುಗಿತು, ಆಮೇಲೆ ಗೇರ್ ಬೀಳಲೇ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಹಿಂದಕ್ಕೆ ಜಾರುತ್ತದೆ. ಹಿಂದೆ ಗ್ಯಾಸ್ ಟ್ಯಾಂಕರ್! ನಾನು ಬ್ರೇಕ್ ಮೇಲೆ ನಿಂತಿದ್ದೇನೆ, ಹೆಂಡತಿ ಇಳಿದು ಮಳೆಯಲ್ಲಿ ಒಂದು ಕಲ್ಲು ಹುಡುಕಿ ಚಕ್ರಕ್ಕೆ ಕೊಟ್ಟಳು, ಅಮ್ಮ ಹಿಂದಿನ ಸೀಟಿನಲ್ಲಿ ಮಂಜುನಾಥಸ್ವಾಮಿಗೆ ಹರಕೆ ಕಟ್ಟುತ್ತಿದ್ದರು. ಸಕಲೇಶಪುರದಿಂದ ಟೋಯಿಂಗ್ ಗಾಡಿ ಬರಲು ನಾಲ್ಕು ಗಂಟೆ ಹಿಡಿಯಿತು.

ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೊಟ್ಟ ಎಸ್ಟಿಮೇಟ್ 2 ಲಕ್ಷ 65 ಸಾವಿರ. ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್ ಪೂರ್ತಿ ಹೊಸದು, ಕ್ಲಚ್ ಪೂರ್ತಿ ಹೊಸದು. ಯಾಕೆ ಹೋಯಿತು ಅಂದರೆ "ನೀವು ಓಡಿಸೋ ರೀತಿ ಸರ್" ಅಂತಾನೆ ಅಡ್ವೈಸರ್ ಹುಡುಗ. ಕ್ಲಚ್ ಪೆಡಲ್ಲೇ ಇಲ್ಲದ ಗಾಡಿಯಲ್ಲಿ ನಾನು ಕ್ಲಚ್ ಸುಟ್ಟಿದ್ದು ಹೇಗೆ ಮಾರಾಯಾ? ಸಿಟ್ಟಿಗೆ ಹಳೇ ಸರ್ವಿಸ್ ದಾಖಲೆ ತೆಗೆಸಿದೆ. 2019ರ ಜಾಬ್ ಕಾರ್ಡ್‌ನಲ್ಲೇ 91 ಸಾವಿರ ಕಿಲೋಮೀಟರ್ ಅಂತ ಇದೆ.

ಈಗ ಹೇಳಿ. ರಿಪೇರಿ ಮಾಡಿಸಲಾ, ಗುಜರಿಗೆ ಹಾಕಲಾ? ಹಳೇ ಕಾರು ತಗೊಳ್ಳುವವರು ಯಾರನ್ನು ನಂಬಬೇಕು?

ಜೆಸಿ ರೋಡ್ ಗಿರಾಕಿ

ಮೊದಲು ಟ್ಯಾಂಕರ್‌ನಿಂದ ಬಚಾವಾದಿರಲ್ಲ, ಅದಕ್ಕೆ ದೇವರಿಗೆ ಒಂದು ಕಾಯಿ ಒಡೆಯಿರಿ.

ಬೆಂಗಳೂರಲ್ಲಿ ಮಾರಾಟಕ್ಕಿರುವ ಹಳೇ ಕಾರುಗಳನ್ನೆಲ್ಲ ಎಣಿಸಿದರೆ ಊರಲ್ಲಿ ಇರುವ ಡಾಕ್ಟರ್‌ಗಳಿಗಿಂತ ಜಾಸ್ತಿ ಆಗುತ್ತದೆ ಸರ್. ಡಾಕ್ಟರ್ ಇಲ್ಲದಿದ್ದರೆ ಬ್ಯಾಂಕ್ ಮ್ಯಾನೇಜರ್, ಅದೂ ಇಲ್ಲದಿದ್ದರೆ "ಲೇಡಿ ಓನರ್".

ಮೀಟರ್ ತಿರುಗಿಸುವುದು ಈಗ ಲ್ಯಾಪ್‌ಟಾಪ್ ಹಿಡಿದು ಹತ್ತು ನಿಮಿಷದ ಕೆಲಸ. ಆದರೆ ಗಾಡಿ ಮೈಯಲ್ಲಿ ಬೇರೆ ಕಡೆ ಸಾಕ್ಷಿ ಇರುತ್ತದೆ. ಬ್ರೇಕ್ ಪೆಡಲ್ ರಬ್ಬರ್ ನೋಡಿ, ಸ್ಟೀರಿಂಗ್ ಹೊಳಪು ನೋಡಿ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಮೂವತ್ತು ಸಾವಿರ ಓಡಿದೆ ಅನ್ನುವ ಗಾಡಿಗೆ ಆಗಲೇ ಎರಡನೇ ಸೆಟ್ ಟೈರ್ ಬಿದ್ದಿದ್ದರೆ ಯಾಕೆ ಅಂತ ಕೇಳಬೇಕು. ಎಷ್ಟೋ ಗಾಡಿಗಳಲ್ಲಿ ಕಿಲೋಮೀಟರ್ ಲೆಕ್ಕ ಮೀಟರ್‌ನಲ್ಲಿ ಮಾತ್ರ ಅಲ್ಲ, ಇಂಜಿನ್ ಅಥವಾ ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲೂ ಉಳಿದಿರುತ್ತದೆ. ಒಳ್ಳೆ ಸ್ಕ್ಯಾನರ್ ಹಾಕಿದರೆ ಸಿಕ್ಕಿಬೀಳುತ್ತಾರೆ.

ಇನ್ನೊಂದು, 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಸರ್ಜಾಪುರ ಕಡೆ ನೀರಲ್ಲಿ ಮುಳುಗಿದ ಕಾರುಗಳೂ ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬಂದಿವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಕೊನೆಯ ಒಂದು ಗೇಣು ಬೆಲ್ಟ್‌ನಲ್ಲಿ ಕೆಸರಿನ ಗೆರೆ ಇರುತ್ತದೆ. ಅಲ್ಲಿಯತನಕ ಎಳೆದು ತೊಳೆಯುವ ತಾಳ್ಮೆ ಯಾವ ಬ್ರೋಕರ್‌ಗೂ ಇರುವುದಿಲ್ಲ.

ಹಳೇ ಪಿಸ್ಟನ್

ತುಮಕೂರಿನಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತೆಂಟು ವರ್ಷ ಆಯಿತು. ಕೈಯಲ್ಲಿ ಗ್ರೀಸ್ ಇದೆ, ತಪ್ಪು ಟೈಪ್ ಆದರೆ ಕ್ಷಮಿಸಿ.

ಗುಂಡ್ಯದವರೇ, ನಿಮ್ಮ ಗೇರ್‌ಬಾಕ್ಸ್ ಬಗ್ಗೆ ಸರಳವಾಗಿ ಹೇಳುತ್ತೇನೆ. ಅದರೊಳಗೆ ನಿಮ್ಮ ಬದಲು ಕ್ಲಚ್ ಒತ್ತುವ ಒಂದು ಯಂತ್ರ ಇದೆ. ಅದಕ್ಕೆ ಎಣ್ಣೆಯ ಒತ್ತಡ ಬೇಕು, ಕಂಪ್ಯೂಟರ್ ಬೋರ್ಡ್ ಬೇಕು, ಸೆನ್ಸರ್ ಬೇಕು. ಡ್ರೈ ಕ್ಲಚ್ ಆದರೆ ಕ್ಲಚ್ ಪ್ಲೇಟ್ ತಣ್ಣಗಾಗಲು ಎಣ್ಣೆ ಇರುವುದಿಲ್ಲ, ಬರೀ ಗಾಳಿ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್, ಶಿರಾಡಿ ಲಾರಿ ಸಾಲು, ಇಂಥ ಕಡೆ ಗಾಡಿ ಹರಿದಾಡುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತಾ ಹೋಗುತ್ತದೆ. ನಿಮ್ಮ ಕಾಲು ಮಾಡದ ತಪ್ಪನ್ನು ಆ ಯಂತ್ರವೇ ಮಾಡುತ್ತಿರುತ್ತದೆ.

ಇದು ಹೊಸ ಕಥೆಯೂ ಅಲ್ಲ. ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ನೋಡಿ, ಅದೂ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸೇ. ಚೀನಾದಲ್ಲಿ ದೂರು ಎಷ್ಟಾಯಿತು ಅಂದರೆ 2012ರಲ್ಲಿ ಆ ಗೇರ್‌ಬಾಕ್ಸ್‌ನ ವಾರಂಟಿಯನ್ನು 10 ವರ್ಷಕ್ಕೆ ಏರಿಸಿದರು. ಮುಂದಿನ ವರ್ಷ ಮಾರ್ಚ್ 15ರಂದು ಅಲ್ಲಿನ ಸರ್ಕಾರಿ ಟಿವಿಯಲ್ಲಿ ಅದರ ಮೇಲೆ ಕಾರ್ಯಕ್ರಮ ಬಂತು. ಕೆಲವೇ ದಿನದಲ್ಲಿ 3.84 ಲಕ್ಷ ಗಾಡಿ ವಾಪಸ್ ಕರೆದರು. ಅದೇ ವರ್ಷ ಕೊನೆಗೆ ಜಗತ್ತಿನಾದ್ಯಂತ 16 ಲಕ್ಷ ಗಾಡಿಗಳ ಗೇರ್ ಎಣ್ಣೆ ಬದಲಾಯಿಸಲು ಹೊರಟರು, ಸಿಂಥೆಟಿಕ್ ತೆಗೆದು ಮಿನರಲ್ ಹಾಕಲು. ಬಿಸಿ, ತೇವ, ನಿಂತು ನಿಂತು ಹೋಗುವ ಟ್ರಾಫಿಕ್, ಇವೆಲ್ಲ ಸೇರಿದ ಕಡೆ ಆ ಎಣ್ಣೆಯಿಂದ ಒಳಗಿನ ಕರೆಂಟು ಶಾರ್ಟ್ ಆಗುತ್ತಿತ್ತು. ಬಿಸಿ, ತೇವ, ಟ್ರಾಫಿಕ್! ನಮ್ಮ ಊರಿನ ಜಾತಕ ಓದಿದ ಹಾಗಿದೆ ಅಲ್ವಾ.

ಅಡ್ವೈಸರ್ ಹುಡುಗನ "ನೀವು ಓಡಿಸೋ ರೀತಿ" ಮಾತೂ ಹಳೆಯದೇ. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತದೆ ಎಂದು ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಗಿರಾಕಿಗಳು ದೂರು ಕೊಟ್ಟಾಗ ಅವರಿಗೂ ಇದೇ ಉತ್ತರ ಸಿಕ್ಕಿತ್ತು. ಗ್ರಾಹಕರನ್ನು ಹೀಗೆ ನಡೆಸಿಕೊಂಡದ್ದಕ್ಕೆ 2018ರಲ್ಲಿ ಅಲ್ಲಿನ ಕೋರ್ಟ್ ಕಂಪನಿಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ನನ್ನ ಸಲಹೆ: 2.65 ಲಕ್ಷಕ್ಕೆ ಹೂಂ ಅನ್ನಬೇಡಿ. ಗಾಡಿ ಬಿಚ್ಚದೆ ಕೊಟ್ಟ ಎಸ್ಟಿಮೇಟ್ ಅದು. ಕಂಪನಿಯವರು ಪಾರ್ಟ್ ಬದಲಾಯಿಸುತ್ತಾರೆ, ರಿಪೇರಿ ಮಾಡುವುದಿಲ್ಲ. ಈ ಯೂನಿಟ್ ಬಿಚ್ಚಿ ಒಳಗಿನದನ್ನು ಮಾತ್ರ ಸರಿ ಮಾಡುವ ಗ್ಯಾರೇಜ್‌ಗಳು ಬೆಂಗಳೂರಲ್ಲಿ ಇವೆ. ಬಿಚ್ಚಿಸಿ, ಫೋಟೋ ತೆಗೆಸಿಕೊಳ್ಳಿ, ಆಮೇಲೆ ಮಾತಾಡೋಣ.

ಉಣಕಲ್ ಕೆರೆ

ಅದಕ್ಕ ನಾ ಹೇಳೂದು, ಜಪಾನ್ ಗಾಡಿ ಬಿಟ್ಟು ಬ್ಯಾರೆ ಮುಟ್ಟಬ್ಯಾಡ್ರಿ. ನಮ್ಮ ಕಾಕಾನ ಕ್ವಾಲಿಸ್ ಇನ್ನೂ ಓಡಾಕತ್ತೇತಿ. ನಾಲ್ಕು ಲಕ್ಷ ಕಿಲೋಮೀಟರ್ ದಾಟೇತಿ, ಇಂಜಿನ್ ಒಮ್ಮೆನೂ ಬಿಚ್ಚಿಲ್ಲ. ಬೋರ್ಡ್ ಇಲ್ಲ, ಸೆನ್ಸರ್ ಇಲ್ಲ, ಚಿಂತಿ ಇಲ್ಲ.

ರಾಮನಗರ ಲೋಕಲ್

ಉಣಕಲ್ ಅಣ್ಣ, ಕ್ವಾಲಿಸ್ ಬಗ್ಗೆ ಎರಡು ಮಾತಿಲ್ಲ. ಬಿಡದಿಯ ಟೊಯೊಟಾ ಫ್ಯಾಕ್ಟರಿಯಿಂದ ಮೊದಲು ಹೊರಗೆ ಬಂದ ಗಾಡಿಯೇ ಅದು. ನಮ್ಮ ಮನೆ ಇರುವುದೂ ಅಲ್ಲೇ ಪಕ್ಕ, ಊರಲ್ಲಿ ಅರ್ಧ ಜನ ಆ ಫ್ಯಾಕ್ಟರಿ ನಂಬಿಕೊಂಡಿದ್ದಾರೆ. ಆದರೆ "ಜಪಾನ್ ಅಂದರೆ ಸತ್ಯ ಹರಿಶ್ಚಂದ್ರ" ಅನ್ನುವುದು ಸ್ವಲ್ಪ ಜಾಸ್ತಿ ಆಯಿತು.

2023ರ ಡಿಸೆಂಬರ್‌ನಲ್ಲಿ ಟೊಯೊಟಾದ ಒಡೆತನದ ಡೈಹಾಟ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡಿದ್ದು ಹೊರಬಂತು. 64 ಮಾಡೆಲ್. ಅತಿ ಹಳೆಯ ಪ್ರಕರಣ 1989ರದ್ದು. ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರ ಬಾಯಿಯಿಂದಲೂ ಹೊರಗೆ ಬರಲಿಲ್ಲ. ಮರು ತಿಂಗಳೇ, 2024ರ ಜನವರಿಯಲ್ಲಿ, ಟೊಯೊಟಾಗೆ ಡೀಸೆಲ್ ಇಂಜಿನ್ ಮಾಡಿಕೊಡುವ ಟೊಯೊಟಾ ಇಂಡಸ್ಟ್ರೀಸ್ ಸಿಕ್ಕಿಬಿತ್ತು. ಶಕ್ತಿ ಪರೀಕ್ಷೆ ಮಾಡುವಾಗ ಗ್ರಾಹಕರಿಗೆ ಕೊಡುವ ಸಾಫ್ಟ್‌ವೇರ್ ಬಿಟ್ಟು ಬೇರೆ ಸಾಫ್ಟ್‌ವೇರ್ ಹಾಕಿದ್ದರು. ಅದರ ಬಿಸಿ ಇಲ್ಲಿಗೂ ತಟ್ಟಿತು. ಇನ್ನೋವಾ ಕ್ರಿಸ್ಟಾ, ಫಾರ್ಚ್ಯೂನರ್, ಹೈಲಕ್ಸ್ ರವಾನೆ ಕೆಲವು ದಿನ ನಿಂತಿತ್ತು, ಆಮೇಲೆ ಶುರುವಾಯಿತು.

ಇದರಿಂದ ಇನ್ನೋವಾ ಕೆಟ್ಟ ಗಾಡಿ ಅಂತ ಆಗುವುದಿಲ್ಲ. ನಾನೇ ನಾಳೆ ಸಿಕ್ಕರೆ ತಗೊಳ್ಳುತ್ತೇನೆ. ಗಾಡಿ ಗಟ್ಟಿ ಇರುವುದು ಬೇರೆ, ಕಂಪನಿ ನಿಜ ಹೇಳುವುದು ಬೇರೆ, ಅಷ್ಟೇ ನನ್ನ ಮಾತು.

ಉಣಕಲ್ ಕೆರೆ

ಒಪ್ಪಿದೆ ತಮ್ಮಾ. ಆದ್ರ ಕಾಕಾ ಗಾಡಿ ಮಾರೂದಿಲ್ಲ ನೋಡು.

ಲೆಕ್ಕದ ಮೇಡಂ

ರಾಮನಗರದವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ, ಎರಡೂ ನಮ್ಮ ದೇಶದ್ದೇ.

2013ರ ಜುಲೈನಲ್ಲಿ ಜನರಲ್ ಮೋಟಾರ್ಸ್ 1.14 ಲಕ್ಷ ತವೇರಾ ಗಾಡಿಗಳನ್ನು ವಾಪಸ್ ಕರೆಯಿತು. 2005ರಿಂದ 2013ರವರೆಗೆ ತಯಾರಾದವು. ಹೊಗೆ ಪರೀಕ್ಷೆಗೆ ಕಳಿಸುವ ಗಾಡಿಗೆ ಮಾತ್ರ ಆಯ್ದ ಇಂಜಿನ್ ಹಾಕಿ ಪಾಸ್ ಮಾಡಿಸುತ್ತಿದ್ದರು. ನಮ್ಮ ಮದುವೆ ಸೀಸನ್‌ನ ಬಾಡಿಗೆ ತವೇರಾಗಳೆಲ್ಲ ಆ ಲೆಕ್ಕದೊಳಗೇ ಇದ್ದವು ಅಂತ ಆಮೇಲೆ ಗೊತ್ತಾಯಿತು. ಎರಡನೆಯದು ಫೋಕ್ಸ್‌ವ್ಯಾಗನ್‌ನ ಡೀಸೆಲ್ ಹಗರಣ, ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಹಾಕಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಯಲಾಯಿತು, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಗಾಡಿ. ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಪರೀಕ್ಷೆ ಮಾಡಿದ ಮೇಲೆ ಇಲ್ಲಿ 3.23 ಲಕ್ಷ ಗಾಡಿಗಳ ಸಾಫ್ಟ್‌ವೇರ್ ಬದಲಾಯಿಸಲು ಒಪ್ಪಿದರು.

ಎರಡರಲ್ಲೂ ಗಾಡಿ ಕೊಂಡ ಜನ ಮೋಸವನ್ನು ಕಂಡುಹಿಡಿಯುವ ದಾರಿಯೇ ಇರಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಕಾಣುವ ಸಂಗತಿಯಲ್ಲ ಅದು.

ಈಗ ಗುಂಡ್ಯದವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಹತ್ತಿರ ಒಂದು ಒಳ್ಳೆ ಇಸ್ಪೀಟ್ ಎಲೆ ಇದೆ, ಅದನ್ನು ಯಾರೂ ಹೇಳುತ್ತಿಲ್ಲ. ನೀವು ಕೊಂಡದ್ದು ಪಕ್ಕದ ಮನೆಯವರಿಂದ ಅಲ್ಲ, ಡೀಲರ್‌ನಿಂದ. ಅವನು ವ್ಯಾಪಾರಿ, ನೀವು ಗ್ರಾಹಕ. ಮೀಟರ್ ತಿರುಗಿಸಿ ಮಾರಿದ್ದು ನೇರ ಮೋಸ, ಮತ್ತು 2019ರ ಜಾಬ್ ಕಾರ್ಡ್ ಕಾಗದದ ಮೇಲಿನ ಸಾಕ್ಷಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಘಟನೆ ಆದ ಎರಡು ವರ್ಷದೊಳಗೆ ಕೊಡಬೇಕು. ವಸ್ತುವಿನ ಬೆಲೆ ಐದು ಲಕ್ಷದ ಒಳಗಿದ್ದರೆ ಆಯೋಗಕ್ಕೆ ಫೀಸು ಇಲ್ಲ, ನಿಮ್ಮದು ನಾಲ್ಕೂಕಾಲು. ವಕೀಲರು ಇಲ್ಲದೆಯೂ ವಾದ ಮಾಡಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಎಷ್ಟೋ ಡೀಲರ್‌ಗಳು ನೋಟಿಸ್ ಬಂದ ಕೂಡಲೇ ಮೆತ್ತಗಾಗುತ್ತಾರೆ.

ಅವನು ಹಾಕಿದ್ದ ಜಾಹೀರಾತಿನ ಸ್ಕ್ರೀನ್‌ಶಾಟ್, "62 ಸಾವಿರ" ಅಂತ ಬರೆದ ವಾಟ್ಸಾಪ್ ಮೆಸೇಜ್ ಇದೆಯಾ? ಇದ್ದರೆ ದಯವಿಟ್ಟು ಡಿಲೀಟ್ ಮಾಡಬೇಡಿ.

ಗುಂಡ್ಯ ದಾಟಿದವನು

ವಾಟ್ಸಾಪ್ ಮೆಸೇಜ್ ಇದೆ ಮೇಡಂ! "ಜೆನ್ಯೂನ್ 62ಕೆ, ತಾಯಾಣೆ" ಅಂತ ಬರೆದಿದ್ದಾನೆ. ತಾಯಾಣೆ ಆಯೋಗದಲ್ಲಿ ಲೆಕ್ಕಕ್ಕೆ ಬರುತ್ತದಾ ಗೊತ್ತಿಲ್ಲ, 62ಕೆ ಅಂತೂ ಬರುತ್ತದೆ.

ಒಂದು ಡೌಟು. ಚೀನಾದಲ್ಲಿ ವಾಪಸ್ ಕರೆದರು, ಆಸ್ಟ್ರೇಲಿಯಾದಲ್ಲಿ ದಂಡ ಹಾಕಿದರು. ನಮ್ಮಲ್ಲಿ ಕಾನೂನು ಇಲ್ಲವಾ?

ಲೆಕ್ಕದ ಮೇಡಂ

ಇದೆ. ಆದರೆ ನಿಮಗೆ ಇಲ್ಲ.

ತುಂಬಾ ವರ್ಷ ಇಲ್ಲಿ ರೀಕಾಲ್ ಅನ್ನುವುದು, ಅಂದರೆ ದೋಷ ಇರುವ ಗಾಡಿ ವಾಪಸ್ ಕರೆದು ಸರಿ ಮಾಡಿಕೊಡುವುದು, ಕಂಪನಿಗಳ ಮರ್ಜಿ. 2012ರಲ್ಲಿ ತಯಾರಕರ ಸಂಘ ತಾನೇ ಒಂದು ಸಂಹಿತೆ ಮಾಡಿಕೊಂಡಿತು, ಅದೂ ಸ್ವಇಚ್ಛೆಯದ್ದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು ಸರ್ಕಾರಕ್ಕೆ ರೀಕಾಲ್ ಆದೇಶ ಕೊಡುವ ಅಧಿಕಾರ ಸಿಕ್ಕಿತು. ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ, ದಂಡ 10 ಲಕ್ಷದಿಂದ 1 ಕೋಟಿವರೆಗೆ. ಚೆನ್ನಾಗಿದೆ ಅನಿಸುತ್ತದೆ ಅಲ್ವಾ? ಅಲ್ಲೇ ಒಂದು ಸಾಲು ಇದೆ. ಏಳು ವರ್ಷದೊಳಗಿನ ಗಾಡಿಗೆ ಮಾತ್ರ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಎಷ್ಟು ವರ್ಷದ ಗಾಡಿ ತಗೊಳ್ಳುತ್ತಾರೆ ಹೇಳಿ. ಎಂಟು, ಹತ್ತು, ಹನ್ನೆರಡು. ಕೆಡುವ ವಯಸ್ಸು ಶುರುವಾಗುವ ಹೊತ್ತಿಗೆ ಸರಿಯಾಗಿ ಕಾನೂನು ಕೈ ತೊಳೆದುಕೊಳ್ಳುತ್ತದೆ. ಏಳು ವರ್ಷದ ಮೇಲೂ ಕಂಪನಿ ಸ್ವಂತ ಇಚ್ಛೆಯಿಂದ ಮಾಡಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಪ್ಲೇನೋ ಕನ್ನಡಿಗ

ಟೆಕ್ಸಾಸ್‌ನಿಂದ ನಮಸ್ಕಾರ. ಊರು ಹಾಸನ. ಶಿರಾಡಿ ಅಂದ ಕೂಡಲೇ ಓದಲು ಕೂತೆ.

ಮೇಡಂ ಹೇಳಿದ ಏಳು ವರ್ಷ ಇಲ್ಲಿ ಹದಿನೈದು. ರೀಕಾಲ್ ಆದ ಗಾಡಿ ಹದಿನೈದು ವರ್ಷದೊಳಗಿದ್ದರೆ ಬಿಟ್ಟಿ ರಿಪೇರಿ, ನೀವು ಎರಡನೇ ಓನರ್ ಆಗಿರಿ, ನಾಲ್ಕನೆಯವರಾಗಿರಿ. ಚಾಸಿಸ್ ನಂಬರ್ ಹಾಕಿದರೆ ಸರ್ಕಾರಿ ಜಾಲತಾಣದಲ್ಲಿ ಬಾಕಿ ಇರುವ ರೀಕಾಲ್ ಕಾಣುತ್ತದೆ. ಹಳೇ ಗಾಡಿ ತಗೊಳ್ಳುವ ಮೊದಲು ಎಲ್ಲರೂ ಅದನ್ನು ನೋಡುತ್ತಾರೆ.

ಹಾಗಂತ ಇಲ್ಲಿನ ಕಂಪನಿಗಳು ದೇವರು ಅಂದುಕೊಳ್ಳಬೇಡಿ. ಹ್ಯುಂಡೈ, ಕಿಯಾದ ಥೀಟಾ 2 ಇಂಜಿನ್ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಎಣ್ಣೆ ದಾರಿಯಲ್ಲಿ ಸಿಕ್ಕಿಕೊಂಡು, ಬೇರಿಂಗ್‌ಗೆ ಎಣ್ಣೆ ಹೋಗದೆ ಇಂಜಿನ್ ಜಾಮ್. ಓಡುವ ಹೈವೇಯಲ್ಲಿ! 2015ರಲ್ಲಿ ಮೊದಲು 4.7 ಲಕ್ಷ ಸೊನಾಟಾ ಕರೆದರು, 2017ರಲ್ಲಿ ಇನ್ನೂ ಬಹಳ. ಕಡಿಮೆ ಕರೆದಿದ್ದೀರಿ, ತಡ ಮಾಡಿದ್ದೀರಿ ಅಂತ ಹೊರಗೆ ಹೇಳಿದ್ದು ಕಂಪನಿಯೊಳಗೇ ಇದ್ದ ಒಬ್ಬ ಕೊರಿಯನ್ ಇಂಜಿನಿಯರ್. 2021ರಲ್ಲಿ ಅಮೆರಿಕ ಸರ್ಕಾರ ಅವರಿಗೆ 2.4 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನ ಕೊಟ್ಟಿತು. ಅಂದರೆ ಕಾನೂನು ಗಟ್ಟಿ ಇರುವ ಊರಲ್ಲೂ ಒಳಗಿನವನೊಬ್ಬ ಬಾಯಿ ಬಿಡಬೇಕಾಯಿತು.

ಅಂದ ಹಾಗೆ ಮಾರನಹಳ್ಳಿ ಹತ್ತಿರ ರಸ್ತೆ ಈಗ ಹೇಗಿದೆ? ಡಿಸೆಂಬರ್‌ಗೆ ಬರುತ್ತಿದ್ದೇನೆ.

ಗುಂಡ್ಯ ದಾಟಿದವನು

ರಸ್ತೆ ಇದೆ ಸರ್, ಹುಡುಕಬೇಕು.

ಪಡುಬಿದ್ರಿ ಬಿಸಿಲು

ನಮ್ಮ ಕರಾವಳಿಯವರ ಕಷ್ಟವನ್ನೂ ಸ್ವಲ್ಪ ಕೇಳಿ ಮಾರಾಯ್ರೆ. ಇಲ್ಲಿ ಗಾಡಿ ಕೆಡುವುದಲ್ಲ, ಕರಗುವುದು. ಮೇಲೆ ಫಳಫಳ ಪಾಲಿಶ್, ಅಡಿಗೆ ಮಲಗಿ ನೋಡಿದರೆ ಹಪ್ಪಳ. ಬೆಂಗಳೂರಿನವರು ಇಲ್ಲಿಯ ಗಾಡಿ ಕೊಳ್ಳುವಾಗ ಲಿಫ್ಟ್ ಮೇಲೆ ಹತ್ತಿಸದೆ ದುಡ್ಡು ಕೊಡಬೇಡಿ. ಚಕ್ರದ ಮೇಲಿನ ಕಮಾನು, ಬ್ರೇಕ್ ಪೈಪು, ಬಾಗಿಲ ಕೆಳಗಿನ ಅಂಚು, ಇಷ್ಟನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲ ಕುಟ್ಟಿ ನೋಡಿ. ಟಣ್ ಅಂದರೆ ತಗಡು, ಡಬ್ ಅಂದರೆ ಪುಟ್ಟಿ.

ಇನ್ನೊಂದು ದೊಡ್ಡದು. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್. ಜಗತ್ತಿನಲ್ಲಿ ಸುಮಾರು ಹತ್ತು ಕೋಟಿ ಏರ್‌ಬ್ಯಾಗ್ ವಾಪಸ್ ಕರೆಸಿದ ಪ್ರಕರಣ, ಆ ಕಂಪನಿ 2017ರಲ್ಲಿ ದಿವಾಳಿ ಎದ್ದಿತು. ಚೀಲ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಹಾಕುತ್ತಿದ್ದರು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಿಂದರೆ ಅದು ಹಾಳಾಗುತ್ತದೆ. ಆಮೇಲೆ ಅಪಘಾತ ಆದಾಗ ಚೀಲದ ಜೊತೆ ಲೋಹದ ಚೂರೂ ಮುಖಕ್ಕೆ. ಜೀವ ಉಳಿಸಲು ಇಟ್ಟದ್ದೇ ಜೀವ ತೆಗೆಯಿತು. ಸೆಕೆ, ತೇವ ಅಂದರೆ ನಮ್ಮೂರೇ ಅಲ್ಲವಾ? ಭಾರತದಲ್ಲೂ ಹೋಂಡಾದವರು ಹಳೇ ಸಿಟಿ, ಜಾಝ್, ಸಿವಿಕ್, ಸಿಆರ್‌ವಿಗಳನ್ನು ಹಲವು ಸಲ ಇದಕ್ಕಾಗಿ ಕರೆದಿದ್ದಾರೆ. ಬಿಟ್ಟಿಯಾಗಿ ಬದಲಾಯಿಸಿ ಕೊಡುತ್ತಾರೆ. ಆದರೆ ಪತ್ರ ಹೋಗುವುದು ಯಾರಿಗೆ? ಮೊದಲ ಓನರ್‌ಗೆ. ಗಾಡಿ ಮೂರು ಕೈ ಬದಲಾಗಿ, ಮೂರು ಜಿಲ್ಲೆ ದಾಟಿ, ಈಗ ಕಾಪುವಿನಲ್ಲಿ ಮೀನು ಮಾರ್ಕೆಟ್ ಹೊರಗೆ ನಿಂತಿರುತ್ತದೆ.

ಹಾಗಾಗಿ ಹಳೇ ಗಾಡಿ ತಗೊಂಡವರು ಇವತ್ತೇ ಆರ್‌ಸಿ ತೆಗೆದು ಚಾಸಿಸ್ ನಂಬರನ್ನು ಆ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ನಾನು ಭಾವನ ಗಾಡಿಗೆ ಹಾಗೆ ಮಾಡಿದೆ. ಬಾಕಿ ಅಂತ ಬಂತು. ಹೋದರು, ಒಂದು ಚಾ ಕುಡಿಯುವುದರೊಳಗೆ ಬುಕಿಂಗ್ ಆಯಿತು, ಪೈಸೆ ಕೇಳಲಿಲ್ಲ. ಬೈಯುವುದು ಮಾತ್ರ ಅಲ್ಲ, ಇದನ್ನೂ ಹೇಳಬೇಕು.

ಎಥೆನಾಲ್ ಬೇಡ

ಎಲ್ಲರೂ ಕಂಪನಿಗೆ ಬೈತಾ ಇದ್ದೀರಿ, ಪೆಟ್ರೋಲ್ ಬಂಕ್ ಕಡೆ ಯಾರೂ ನೋಡುತ್ತಿಲ್ಲ. ಇ20, ಅಂದರೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಹಳೇ ಗಾಡಿಗಳ ಕಥೆ ಮುಗಿಯಿತು. ಗುಂಡ್ಯದವರ ಗೇರ್‌ಬಾಕ್ಸ್ ಹೋಗಿದ್ದಕ್ಕೂ ಅದೇ ಕಾರಣ ಇರಬಹುದು.

ಹಳೇ ಪಿಸ್ಟನ್

ಸರ್, ಪೆಟ್ರೋಲ್ ಗೇರ್‌ಬಾಕ್ಸ್‌ಗೆ ಹೋಗುವುದಿಲ್ಲ. ದಯವಿಟ್ಟು.

ಆದರೆ ಇ20 ವಿಷಯ ಸುಮ್ನೆ ತಳ್ಳಿಹಾಕುವುದಲ್ಲ. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಗಾಡಿಗಳ ಮ್ಯಾನ್ಯುಯಲ್‌ನಲ್ಲೋ ಟ್ಯಾಂಕ್ ಮುಚ್ಚಳದ ಹಿಂದೋ ಇ10 ಅಂತ ಇರುತ್ತದೆ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಬಿದ್ದೇ ಬೀಳುತ್ತದೆ. ನೀರನ್ನೂ ಎಳೆದುಕೊಳ್ಳುತ್ತದೆ. ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಆದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ನಾನು ಮಾಡುವುದು ಇಷ್ಟೇ: ಸರ್ವಿಸ್‌ಗೆ ಬಂದ ಪ್ರತಿ ಹಳೇ ಪೆಟ್ರೋಲ್ ಗಾಡಿಯ ಪೆಟ್ರೋಲ್ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತೇನೆ. ಬಿರುಕು ಕಂಡರೆ ಬದಲು. ಕೆಲವು ನೂರು ರೂಪಾಯಿ ಖರ್ಚು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ಅರ್ಧ ಖಾಲಿ ಇಟ್ಟು ನಿಲ್ಲಿಸಬೇಡಿ.

ಇ10 ಅಂತ ಬರೆದು ಮಾರಿದ ಗಾಡಿಗೆ ಬಂಕ್‌ನಲ್ಲಿ ಇ20 ಬಿಟ್ಟು ಬೇರೆ ಸಿಗದಿದ್ದರೆ, ನಾಳೆ ಪಂಪ್ ಕೆಟ್ಟಾಗ ಹೊಣೆ ಯಾರದು? ಇದಕ್ಕೆ ಗಿರಾಕಿಗೆ ನೇರ ಉತ್ತರ ಸಿಕ್ಕಿದ್ದು ನಾನು ನೋಡಿಲ್ಲ. ಆ ಸಿಟ್ಟು ನ್ಯಾಯವಾದದ್ದೇ.

ಜೆಸಿ ರೋಡ್ ಗಿರಾಕಿ

ಬ್ರ್ಯಾಂಡ್ ಜಗಳದಲ್ಲಿ ನಾನು ಒಂದೇ ಪ್ರಶ್ನೆ ಕೇಳುವುದು. ಹದಿನೈದು ವರ್ಷದ ನಂತರ ಬೆಂಗಳೂರಿನ ಜೆಸಿ ರೋಡ್‌ನ ಪಾರ್ಟ್ಸ್ ಅಂಗಡಿಗಳಲ್ಲಿ ಅದರ ಪಾರ್ಟ್ ಸಿಗುತ್ತದಾ?

1990ರ ದಶಕದಲ್ಲಿ ದೇವೂ ಕಂಪನಿಯ ಸಿಯಲೋ ತಗೊಂಡು ಮೆರೆದವರು ಆ ಕಂಪನಿ ಮುಳುಗಿದ ಮೇಲೆ ಒಂದು ಬಂಪರ್‌ಗೆ ಅಲೆದದ್ದು ನೆನಪಿದೆಯಾ? ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂದಿತು, 2022ರಲ್ಲಿ ಡಾಟ್ಸನ್ ಹೋಯಿತು. ಹೋಗುವಾಗ ಎಲ್ಲರೂ "ಸರ್ವಿಸ್, ಪಾರ್ಟ್ಸ್ ಮುಂದುವರಿಯುತ್ತದೆ" ಅಂತಲೇ ಹೇಳುತ್ತಾರೆ. ಎಣ್ಣೆ, ಫಿಲ್ಟರ್, ಬ್ರೇಕ್ ಪ್ಯಾಡ್ ಸಿಗುತ್ತದೆ. ಹೆಡ್‌ಲೈಟ್, ಬಾಗಿಲ ಬೀಡಿಂಗ್, ಯಾವುದೋ ಒಂದು ಸೆನ್ಸರ್ ಬೇಕಾದಾಗ ಗೊತ್ತಾಗುತ್ತದೆ ಹಣೆಬರಹ.

ಉಲ್ಟಾ ಉದಾಹರಣೆಯೂ ಇದೆ. ಫಿಯೆಟ್ ಇಲ್ಲಿಂದ ಹೋಯಿತು, ಆದರೆ ಅದರ 1.3 ಡೀಸೆಲ್ ಇಂಜಿನ್ ಸ್ವಿಫ್ಟ್, ಡಿಸೈರ್, ಎರ್ಟಿಗಾ, ವಿಸ್ಟಾ, ಮಾಂಜಾ ಎಲ್ಲದರಲ್ಲೂ ಕೂತಿತ್ತು. ಹಾಗಾಗಿ ಇವತ್ತು ಪುಂಟೋ ಇಟ್ಟುಕೊಂಡವನಿಗೂ ಇಂಜಿನ್ ಕೆಲಸಕ್ಕೆ ಚಿಂತೆ ಇಲ್ಲ. ಆ ಇಂಜಿನ್ ಬಿಚ್ಚಿ ಜೋಡಿಸುವವರು ಪ್ರತಿ ತಾಲೂಕಿನಲ್ಲಿ ಇದ್ದಾರೆ. ಮಾರುತಿ 800 ಸಂಗತಿಯೂ ಅಷ್ಟೇ. 1983ರಿಂದ 2014ರವರೆಗೆ ಬಂತು, ಇವತ್ತಿಗೂ ಕಿರಾಣಿ ಅಂಗಡಿ ಬಿಟ್ಟು ಉಳಿದ ಎಲ್ಲ ಕಡೆ ಪಾರ್ಟ್ ಸಿಗುತ್ತದೆ. ಅದರಲ್ಲಿ ಡಿಕ್ಕಿ ಹೊಡೆದರೆ ನಾವೂ ಪಾರ್ಟ್ ಪಾರ್ಟ್ ಆಗುತ್ತೇವೆ ಅನ್ನುವುದು ಬೇರೆ ಮಾತು.

ಇನ್ನು ದೆಹಲಿ ಗಾಡಿ ಸಸ್ತಾ ಅಂತ ತರುವವರಿಗೆ. ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷ ಮಿತಿ ಅಂತ ತಲೆಮೇಲೆ ಕತ್ತಿ ತೂಗಿದ್ದರಿಂದ ಕಡಿಮೆಗೆ ಬಿಡುತ್ತಾರೆ. ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ಆರ್‌ಟಿಒ ಓಡಾಟ ಎಲ್ಲ ಕೂಡಿಸಿ ನೋಡಿ. ಸಾಲದ ಹೈಪೊಥಿಕೇಷನ್ (ಸಾಲ ಕೊಟ್ಟವರಿಗೆ ಗಾಡಿ ಮೇಲಿರುವ ಹಕ್ಕು) ತೆಗೆದಿದ್ದಾರಾ ಅಂತ ಸರ್ಕಾರದ ವಾಹನ್ ಜಾಲತಾಣದಲ್ಲಿ ಮೊದಲು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಗುಂಡ್ಯ ದಾಟಿದವನು

ಅಪ್‌ಡೇಟ್. ಮೂರು ವಾರ ಆಯಿತು, ಮರೆತಿಲ್ಲ.

ಪಿಸ್ಟನ್ ಅಣ್ಣ ಹೇಳಿದ ಹಾಗೆ ಗಾಡಿಯನ್ನು ಸರ್ವಿಸ್ ಸೆಂಟರ್‌ನಿಂದ ಎತ್ತಿಸಿ ಪೀಣ್ಯ ಕಡೆಯ ಒಂದು ಗೇರ್‌ಬಾಕ್ಸ್ ಗ್ಯಾರೇಜ್‌ಗೆ ಹಾಕಿದೆ. ಸಣ್ಣ ಶೆಡ್ಡು, ಎಸಿ ಲೌಂಜ್ ಇಲ್ಲ, ಕೂರಲು ಹಳೇ ಕಾರಿನ ಸೀಟು. ಮೇಸ್ತ್ರಿ ನನ್ನೆದುರೇ ಬಿಚ್ಚಿದರು. ಒತ್ತಡ ಹಿಡಿದಿಡುವ ಸಣ್ಣ ಡಬ್ಬಿಯಂಥ ಭಾಗ ಸೀಳಿತ್ತು, ಎಣ್ಣೆ ಎಲ್ಲ ಸೋರಿ ಹೋಗಿತ್ತು. ಬೋರ್ಡ್ ಸರಿ ಇತ್ತು. ಕ್ಲಚ್ ಅಳೆದು ನೋಡಿ "ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ, ಯಾಕೆ ಬದಲಾಯಿಸ್ತೀರ?" ಅಂದರು. ಒಟ್ಟು ಬಿಲ್ 58 ಸಾವಿರ, ಆರು ತಿಂಗಳ ಗ್ಯಾರಂಟಿ ಕಾಗದದ ಮೇಲೆ ಬರೆದು ಕೊಟ್ಟರು. 2.65 ಲಕ್ಷ ಎಲ್ಲಿ, 58 ಸಾವಿರ ಎಲ್ಲಿ. ಹಳೇ ಭಾಗವನ್ನು ಕವರಿಗೆ ಹಾಕಿ ಕೈಗೆ ಕೊಟ್ಟರು, ಕೇಳದೆಯೇ.

ಬರುವಾಗ ಒಂದು ಮಾತು ಕೇಳಿದೆ. ಈ ಭಾಗ ಮತ್ತೆ ಸೀಳುವುದಿಲ್ಲ ಅಂತ ಏನು ಗ್ಯಾರಂಟಿ? ಅವರು ಕೈ ಒರೆಸಿಕೊಳ್ಳುತ್ತಾ "ಸೀಳಬಹುದು ಸರ್. ಡಿಸೈನೇ ಹಾಗಿದೆ" ಅಂದರು. ಹನ್ನೊಂದು ವರ್ಷದಲ್ಲಿ ಈ ಗಾಡಿಯ ಬಗ್ಗೆ ಯಾರಾದರೂ ನೇರವಾಗಿ ಹೇಳಿದ ಮೊದಲ ಮಾತು ಇದೇ ಇರಬೇಕು.

ಮೇಡಂ, 1915ಕ್ಕೆ ದೂರು ಹಾಕಿದೆ, ನೋಟಿಸೂ ಕಳಿಸಿದೆ. ಡೀಲರ್ ಮೊದಲು "ಯಾವ ಮೆಸೇಜ್?" ಅಂದ, ಆಮೇಲೆ "ಕೂತು ಮಾತಾಡೋಣ ಬ್ರದರ್" ಅಂದ. ಎಪ್ಪತ್ತು ಸಾವಿರ ಕೊಡುತ್ತೇನೆ ಅನ್ನುತ್ತಿದ್ದಾನೆ, ಕೇಸ್ ಬೇಡವಂತೆ. ಒಪ್ಪಿಕೊಳ್ಳಲಾ?

ಲೆಕ್ಕದ ಮೇಡಂ

ರಿಪೇರಿ ಬಿಲ್, ಟೋಯಿಂಗ್ ಬಿಲ್ ಅದರಲ್ಲಿ ಮುಗಿಯುತ್ತದೆ. ಆದರೆ ನೀವು 62 ಸಾವಿರದ ಗಾಡಿಯ ರೇಟು ಕೊಟ್ಟು ಲಕ್ಷ ದಾಟಿದ ಗಾಡಿ ತಗೊಂಡಿದ್ದೀರಿ. ಆ ವ್ಯತ್ಯಾಸ ಎಲ್ಲಿ? ನಾನಾದರೆ ಒಂದೂಕಾಲು ಲಕ್ಷ ಕೇಳುತ್ತೇನೆ. ಕೊಡದಿದ್ದರೆ ಆಯೋಗ. ಆದರೆ ವರ್ಷಗಟ್ಟಲೆ ಅಲೆಯುವ ತಾಳ್ಮೆ ನಿಮಗಿದೆಯಾ ಅಂತ ನೀವೇ ನೋಡಿಕೊಳ್ಳಿ. ಏನೇ ಆದರೂ ಮೊದಲು ದುಡ್ಡು ಖಾತೆಗೆ ಬರಲಿ, ಆಮೇಲೆ ಸಹಿ.

ಉಣಕಲ್ ಕೆರೆ

ಗಾಡಿ ಮಾರ್ತೀರೇನ್ರಿ ಈಗ?

ಗುಂಡ್ಯ ದಾಟಿದವನು

ಮಾರಬೇಕು ಅಂತಲೇ ಇತ್ತು. ಮಾರುವಾಗ ನಾನೂ ನಿಜ ಹೇಳಬೇಕಲ್ಲ, ನಿಜ ಹೇಳಿದರೆ ಯಾರು ತಗೊಳ್ಳುತ್ತಾರೆ? ಇನ್ನೊಂದು ಎರಡು ವರ್ಷ ಊರೊಳಗೆ ಓಡಿಸಿಕೊಂಡಿರುತ್ತೇನೆ. ಘಟ್ಟಕ್ಕೆ ಬಸ್ಸು.

ಅಮ್ಮ ಮಾತ್ರ ಹರಕೆ ತೀರಿಸಲು ಇದೇ ಗಾಡಿಯಲ್ಲಿ ಧರ್ಮಸ್ಥಳಕ್ಕೆ ಹೋಗಬೇಕು ಅಂತ ಹಠ ಹಿಡಿದಿದ್ದಾರೆ. ಹೆಂಡತಿ ಹುಡುಕಿ ತಂದಿದ್ದ ಕಲ್ಲನ್ನು ಅವತ್ತೇ ಡಿಕ್ಕಿಗೆ ಹಾಕಿಸಿದ್ದರಂತೆ. ನೋಡಿದೆ, ಇನ್ನೂ ಅಲ್ಲೇ ಇದೆ, ಸ್ಟೆಪ್ನಿ ಪಕ್ಕ, ಪೇಪರ್‌ನಲ್ಲಿ ಸುತ್ತಿ.

ಪ್ಲೇನೋ ಕನ್ನಡಿಗ

ಆ ಪೀಣ್ಯ ಗ್ಯಾರೇಜ್ ವಿಳಾಸ ನನಗೆ ಬೇರೆಯಾಗಿ ಕಳಿಸ್ತೀರಾ? ಹಾಸನದಲ್ಲಿ ಅಪ್ಪನ ಗಾಡಿಯಲ್ಲೂ ಎರಡು ದಿನದಿಂದ ಸ್ಪ್ಯಾನರ್ ಚಿತ್ರ ಮಿನುಗುತ್ತಿದೆಯಂತೆ.